ಅಂಕಿ ಮೇಲಕ್ಕೆ ಹೋಯಿತು, ಮಗು ಇಲ್ಲೇ ಕೂತಿದೆ
ನಾಡಿನ ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ನಾನು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯೊಂದರ ಶಿಕ್ಷಕಿ. ನಾಲ್ಕು ಮತ್ತು ಐದನೇ ತರಗತಿಗೆ ಕನ್ನಡ, ಗಣಿತ ಕಲಿಸುತ್ತೇನೆ. ನಮ್ಮ ಮಕ್ಕಳನ್ನು ಅಳೆಯುವುದರಲ್ಲಿ ಯಾವ ಕೊರತೆಯೂ ಇಲ್ಲ. ಶಾಲೆ ತೆರೆದ ಕೂಡಲೇ ಸೇತುಬಂಧದ ಪೂರ್ವ ಪರೀಕ್ಷೆ, ಅದು ಮುಗಿದ ಮೇಲೆ ಸಾಫಲ್ಯ ಪರೀಕ್ಷೆ, ಆಮೇಲೆ ನಾಲ್ಕು ರೂಪಣಾತ್ಮಕ, ಎರಡು ಸಂಕಲನಾತ್ಮಕ ಮೌಲ್ಯಮಾಪನ. 2025-26ರಿಂದ ಪಾಠ ಆಧಾರಿತ ಮೌಲ್ಯಾಂಕನವೂ ಸೇರಿದೆ. ಅಂಕಗಳು ಕಂಪ್ಯೂಟರಿಗೆ ಏರಿದ ಮೇಲೆ ವಾಟ್ಸಾಪ್ ಗುಂಪಿನಲ್ಲಿ ಕೇಳುವ ಪ್ರಶ್ನೆ ಒಂದೇ: ‘ಎಂಟ್ರಿ ಆಯ್ತಾ?’ ಆಯಿತು ಎಂದರೆ ಅಲ್ಲಿಗೆ ಎಲ್ಲರ ಕೆಲಸ ಮುಗಿಯಿತು.

ಮಗುವಿನ ಕೆಲಸ ಮಾತ್ರ ಅಲ್ಲಿಂದಲೇ ಶುರುವಾಗಬೇಕಿತ್ತು. ಅದನ್ನೇ ಹೇಳಲು ಈ ಪತ್ರ.

52ರಲ್ಲಿ 27 ಕಳೆಯಿರಿ ಎಂದು ಬೋರ್ಡಿನ ಮೇಲೆ ಬರೆದೆ ಎಂದುಕೊಳ್ಳಿ. ಒಬ್ಬ ಹುಡುಗ 35 ಎಂದು ಬರೆಯುತ್ತಾನೆ. ಒಬ್ಬ ಹುಡುಗಿ 24 ಎಂದು ಬರೆಯುತ್ತಾಳೆ. ಇಬ್ಬರಿಗೂ ಸೊನ್ನೆ. ಇಂಥ ನಾಲ್ಕು ಲೆಕ್ಕ ತಪ್ಪಿದರೆ ಇಬ್ಬರೂ ‘ಸಿ’ ಗ್ರೇಡು. ಆದರೆ ಹುಡುಗ ಬಿಡಿಸ್ಥಾನದಲ್ಲಿ ಎರಡರಿಂದ ಏಳು ಹೋಗುವುದಿಲ್ಲವೆಂದು ಏಳರಿಂದ ಎರಡನ್ನು ಕಳೆದಿದ್ದಾನೆ. ಯಾವ ಸ್ಥಾನದಲ್ಲೇ ಆಗಲಿ, ದೊಡ್ಡದರಿಂದ ಚಿಕ್ಕದನ್ನು ಕಳೆಯಬೇಕು ಎಂಬುದು ಅವನ ನಿಯಮ. ಅವನು ಅಡ್ಡಾದಿಡ್ಡಿ ಬರೆದವನಲ್ಲ, ತನ್ನ ನಿಯಮವನ್ನು ಶ್ರದ್ಧೆಯಿಂದ ಪಾಲಿಸಿದವನು. ಹುಡುಗಿಗೆ ದಶಕ ಬಿಡಿಸುವುದು ಗೊತ್ತು. ಹನ್ನೆರಡರಲ್ಲಿ ಏಳನ್ನು ಬೆರಳಿನಲ್ಲಿ ಹಿಂದಕ್ಕೆ ಎಣಿಸುವಾಗ ಒಂದು ಹೆಚ್ಚಿಗೆ ಎಣಿಸಿದ್ದಾಳೆ. ಹುಡುಗನ ಮುಂದೆ ಹತ್ತು ಕಡ್ಡಿಯ ಕಟ್ಟು ಇಟ್ಟು, ಅವನ ಕೈಯಿಂದಲೇ ಬಿಚ್ಚಿಸಬೇಕು. ಹುಡುಗಿಗೆ ಆ ಪಾಠ ಮತ್ತೆ ಬೇಡ, ಇಪ್ಪತ್ತರ ಒಳಗಿನ ಕೂಡು-ಕಳೆ ಬಾಯಲ್ಲಿ ಆಡುವಂತಾಗಬೇಕು. ಇಬ್ಬರನ್ನೂ ಒಂದೇ ‘ಪರಿಹಾರ ಬೋಧನೆ’ಗೆ ಕೂರಿಸಿ ಅದೇ ಪಾಠವನ್ನು ಇನ್ನಷ್ಟು ಗಟ್ಟಿ ದನಿಯಲ್ಲಿ ಹೇಳಿದರೆ ಇಬ್ಬರಿಗೂ ನಷ್ಟ.

ಓದಿನಲ್ಲೂ ಹೀಗೆಯೇ. ‘ಕತ್ತೆ’ಯನ್ನು ‘ಕತೆ’ ಎಂದು ಓದುವ ಮಗು ಒತ್ತಕ್ಷರದ ಹೊಸ್ತಿಲಲ್ಲಿ ನಿಂತಿದೆ. ಒಂದೆರಡು ವಾರ ಪಕ್ಕದಲ್ಲಿ ಕೂತು ಓದಿಸಿದರೆ ದಾಟಬಹುದು. ‘ಕಿ’ ಯಾವುದು, ‘ಕೀ’ ಯಾವುದು ತಿಳಿಯದ ಮಗು ಇನ್ನೂ ಕಾಗುಣಿತದಲ್ಲಿದೆ. ನಾವು ಕಳಿಸುವ ಪಟ್ಟಿಯಲ್ಲಿ ಇಬ್ಬರೂ ‘ಓದಲು ಬಾರದವರು’. ಈ ಶೀರ್ಷಿಕೆ ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಅಷ್ಟು ದೂರ ನಡೆದು ಬಂದ ಮಗುವಿನ ನಡಿಗೆಯನ್ನೆಲ್ಲ ಅದು ಒರೆಸಿಹಾಕುತ್ತದೆ.

ಪರೀಕ್ಷೆ ಬೇಡ ಎನ್ನುವವಳು ನಾನಲ್ಲ. ಮಗು ಎಲ್ಲಿದೆ ಎಂದು ತಿಳಿಯದೆ ಕಲಿಸುವುದು ಸಾಧ್ಯವೇ ಇಲ್ಲ. ಆದರೆ ತಿಳಿಯುವುದರಿಂದಲೇ ಮಗು ಕಲಿಯುವುದಿಲ್ಲ, ಇದಕ್ಕೆ ಗಟ್ಟಿ ಪುರಾವೆ ನಮ್ಮ ಪಕ್ಕದಲ್ಲೇ ಇದೆ. ಆಂಧ್ರಪ್ರದೇಶದ ಗ್ರಾಮೀಣ ಶಾಲೆಗಳಲ್ಲಿ ಕಾರ್ತಿಕ್ ಮುರಳೀಧರನ್ ಮತ್ತು ವೆಂಕಟೇಶ್ ಸುಂದರರಾಮನ್ ಒಂದು ಪ್ರಯೋಗ ಮಾಡಿದರು. ಅದರ ವರದಿ 2010ರಲ್ಲಿ ಪ್ರಕಟವಾಯಿತು. ವರ್ಷದ ಆರಂಭದಲ್ಲಿ ಪರೀಕ್ಷೆ ಮಾಡಿ, ಪ್ರತಿ ಮಗುವಿನ ಬಲ ಮತ್ತು ಕೊರತೆಗಳ ವಿವರವನ್ನು ಶಿಕ್ಷಕರ ಕೈಗಿಟ್ಟರು, ತರಗತಿಗೆ ಬಂದು ನೋಡುತ್ತಲೂ ಇದ್ದರು. ನೋಡಲು ಬಂದಾಗ ಶಿಕ್ಷಕರ ಕೆಲಸ ಚುರುಕಾಗಿಯೇ ಕಂಡಿತು. ವರ್ಷದ ಕೊನೆಯಲ್ಲಿ ಮಾತ್ರ ಆ ಮಕ್ಕಳು ಉಳಿದ ಶಾಲೆಗಳ ಮಕ್ಕಳಿಗಿಂತ ಮುಂದೆ ಇರಲಿಲ್ಲ.

ಹರಿಯಾಣದ ಅನುಭವ ಇನ್ನೂ ಸ್ಪಷ್ಟ. ಅಲ್ಲಿ ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನವನ್ನು, ಅಂದರೆ ನಾವೂ ನಡೆಸುವ ಸಿಸಿಇಯನ್ನೇ, ಪರೀಕ್ಷೆಗೆ ಒಡ್ಡಿದರು. ಅದರಿಂದ ಮಕ್ಕಳ ಕಲಿಕೆಯಲ್ಲಿ ಗುರುತಿಸುವಂಥ ಬದಲಾವಣೆ ಆಗಲಿಲ್ಲ. ಅದೇ ಅಧ್ಯಯನದಲ್ಲಿ ಇನ್ನೊಂದು ಕ್ರಮವೂ ಇತ್ತು: ತರಗತಿಯ ಗೋಡೆ ಮರೆತು, ಮಕ್ಕಳನ್ನು ಅವರವರ ಕಲಿಕೆಯ ಮಟ್ಟಕ್ಕೆ ತಕ್ಕಂತೆ ಗುಂಪು ಮಾಡಿ, ಅದಕ್ಕೆಂದೇ ಮೀಸಲಿಟ್ಟ ಅವಧಿಯಲ್ಲಿ ಕಲಿಸುವುದು. ಅಲ್ಲಿ ಮಕ್ಕಳ ಹಿಂದಿ ಓದು-ಬರಹ ಸುಧಾರಿಸಿತು. ಅಂಕಿಯ ಬೆನ್ನಿಗೇ ಒಂದು ಅವಧಿ ಸಿಕ್ಕಿತು, ಒಂದು ಗುಂಪು ಸಿಕ್ಕಿತು. ವ್ಯತ್ಯಾಸ ಇಷ್ಟೇ, ಇದೇ ಎಲ್ಲ.

ಇದನ್ನು ಹರಿಯಾಣದಿಂದ ಕಲಿಯಬೇಕಾದ ಅಗತ್ಯವೂ ನಮಗಿರಲಿಲ್ಲ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ನಲಿ-ಕಲಿ ಎಂಬ ಬೋಧನಾ ಕ್ರಮ ಶುರುವಾದಾಗ ಅದನ್ನು ಕಟ್ಟಿದವರು ನಮ್ಮಂಥ ಶಿಕ್ಷಕರೇ. ಕಲಿಕಾ ಏಣಿಯ ಮೇಲೆ ಮಗು ತಾನು ಎಲ್ಲಿದ್ದೇನೆಂದು ತಾನೇ ನೋಡುತ್ತದೆ, ತನ್ನ ಕಾರ್ಡನ್ನು ತಾನೇ ತೆಗೆದುಕೊಳ್ಳುತ್ತದೆ. ಆ ಮೆಟ್ಟಿಲೇ ಇವತ್ತು ಅದು ಯಾವ ತಟ್ಟೆಯಲ್ಲಿ, ಅಂದರೆ ಯಾವ ಗುಂಪಿನಲ್ಲಿ, ಕೂರಬೇಕು, ಶಿಕ್ಷಕರ ನೆರವು ಬೇಕೋ, ಗೆಳೆಯರ ನೆರವು ಸಾಕೋ, ಒಬ್ಬಂಟಿಯಾಗಿ ಮಾಡಬಲ್ಲದೋ ಎಂದು ಹೇಳುತ್ತದೆ. ಮಾಹಿತಿ ಹುಟ್ಟಿದ ಜಾಗದಲ್ಲೇ, ಅದೇ ಹೊತ್ತಿಗೆ ಬಳಕೆಯಾಗುತ್ತದೆ. ಎಲ್ಲ ಶಾಲೆಗಳಲ್ಲೂ ಅದು ಹೀಗೇ ನಡೆಯಿತೆಂದು ನಾನು ಹೇಳಲಾರೆ. ಕಾರ್ಡು ಹರಿದು, ಶಿಕ್ಷಕರು ಸಾಲದೆ ಸೊರಗಿದ ಕಡೆಗಳೂ ಇವೆ. ಆದರೂ ಅದರ ಒಳಗಿನ ತಿಳಿವಳಿಕೆ ಸರಿಯಾಗಿತ್ತು. ನಲಿ-ಕಲಿ ಮುಗಿಸಿ ನಾಲ್ಕನೇ ತರಗತಿಗೆ ಬಂದ ಕೂಡಲೇ ಏಣಿ ಇಲ್ಲ, ತಟ್ಟೆ ಇಲ್ಲ. ಎಲ್ಲರ ಕೈಗೂ ಒಂದೇ ಪುಸ್ತಕ, ಎಲ್ಲರಿಗೂ ಒಂದೇ ಪುಟ. ಮೂರನೇ ಮೆಟ್ಟಿಲಿನಲ್ಲಿ ಬಿಟ್ಟ ಮಗುವನ್ನು ಹತ್ತನೆಯದರಲ್ಲಿ ನಿಂತು ಕರೆಯುತ್ತೇವೆ.

ಮುಂದೆ ಇದಕ್ಕೆ ಬೆಲೆ ತೆರುವವರು ಅದೇ ಮಕ್ಕಳು. 2024ರಲ್ಲಿ ಎಸ್‌ಎಸ್‌ಎಲ್‌ಸಿ ಪರೀಕ್ಷಾ ಕೊಠಡಿಗಳಿಗೆ ನಕಲು ತಡೆಯಲು ವೆಬ್‌ಕಾಸ್ಟಿಂಗ್ ಬಂತು. ಹಿಂದಿನ ವರ್ಷ ಶೇ. 83.89 ಇದ್ದ ಫಲಿತಾಂಶ ಶೇ. 73.40ಕ್ಕೆ ಇಳಿಯಿತು, ಅದೂ ಕೃಪಾಂಕ ಹೆಚ್ಚಿಸಿದ ಮೇಲೆ. ಹತ್ತನೇ ತರಗತಿಯಲ್ಲಿ ಬಯಲಾದ ಆ ಕೊರತೆಯ ಒಂದು ಪಾಲು ನಾಲ್ಕನೇ ತರಗತಿಯ ಕಳೆಯುವ ಲೆಕ್ಕದಲ್ಲೇ ಶುರುವಾಗಿರುತ್ತದೆ ಎಂಬುದು ನನ್ನ ದೃಢ ನಂಬಿಕೆ.

ನಾನು ಕೇಳುವುದು ದೊಡ್ಡದಲ್ಲ. ದಿನಕ್ಕೆ ಒಂದು ಅವಧಿ ಬಿಟ್ಟುಕೊಡಿ. ಆ ಅವಧಿಯಲ್ಲಿ ನಾಲ್ಕು, ಐದನೇ ತರಗತಿಯ ಮಕ್ಕಳನ್ನು ಬೆರೆಸಿ, ಒತ್ತಕ್ಷರದವರನ್ನು ಒಂದು ಕಡೆ, ಕಾಗುಣಿತದವರನ್ನು ಇನ್ನೊಂದು ಕಡೆ ಕೂರಿಸಲು ಅನುಮತಿ ಕೊಡಿ. ಅದರಿಂದ ಪಠ್ಯ ಒಂದು ಪಾಠ ಹಿಂದೆ ಬಿದ್ದರೆ ನೋಟಿಸು ಕೊಡಬೇಡಿ. ಒಂದೇ ಅಂಕವನ್ನು ಒಮ್ಮೆ ರಿಜಿಸ್ಟರಿನಲ್ಲಿ, ಒಮ್ಮೆ ಶೀಟಿನಲ್ಲಿ, ಮತ್ತೊಮ್ಮೆ ಆನ್‌ಲೈನಿನಲ್ಲಿ ಬರೆಸಬೇಡಿ. ಹಾಗೆ ಉಳಿದ ಸಮಯವನ್ನು ಮಕ್ಕಳ ನೋಟ್‌ಬುಕ್ ತಿದ್ದಲು ಬಳಸುತ್ತೇವೆ. ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಗಳನ್ನು (ಸಿಆರ್‌ಪಿ) ಫಾರಂ ಸಂಗ್ರಹಕ್ಕಲ್ಲ, ನಮ್ಮೊಂದಿಗೆ ಕೂತು ತಪ್ಪು ಉತ್ತರಗಳನ್ನು ಓದುವುದಕ್ಕೆ ಕಳಿಸಿ. ಅವರಲ್ಲಿ ಅನೇಕರು ಒಳ್ಳೆಯ ಶಿಕ್ಷಕರು, ಆ ಕೆಲಸಕ್ಕೆ ಹಂಬಲಿಸುತ್ತಿದ್ದಾರೆ.

ನೀವು ಶಾಲೆಗೆ ಬಂದಾಗ ನನ್ನನ್ನು ಎರಡು ಪ್ರಶ್ನೆ ಕೇಳಿ: ಈ ಮಗು ಎಲ್ಲಿ ನಿಂತಿದೆ, ನಾಳೆ ಇದಕ್ಕೆ ಏನು ಕಲಿಸುತ್ತೀರಿ? ಉತ್ತರ ನನ್ನ ಬಳಿ ಇಲ್ಲದಿದ್ದರೆ ಆಗ ಕಾರಣ ಕೇಳಿ, ನಾನು ತಲೆಬಾಗುತ್ತೇನೆ. ಹೊಸ ವೇಳಾಪಟ್ಟಿಯನ್ನು ಮುಖ್ಯಶಿಕ್ಷಕರ ಮೇಜಿನ ಮೇಲೆ ಇಟ್ಟಿದ್ದೇನೆ. ಮಧ್ಯಾಹ್ನದ ಮೊದಲ ಅವಧಿಯನ್ನು ಈ ಕೆಲಸಕ್ಕೆಂದೇ ಖಾಲಿ ಬಿಟ್ಟಿದ್ದೇನೆ. ನಿಮ್ಮ ಒಪ್ಪಿಗೆ ಬಂದ ಮರುದಿನವೇ ಶುರು ಮಾಡುತ್ತೇನೆ.

ಇತಿ,
ಒಬ್ಬ ಪ್ರಾಥಮಿಕ ಶಾಲಾ ಶಿಕ್ಷಕಿ