ಓಡುವವನ ಹೊಟ್ಟೆ, ಕೂತವರ ಕಣ್ಣು

ಇಂಗ್ಲೆಂಡಿನ ಫುಟ್‌ಬಾಲ್ ಗ್ಯಾಲರಿಗಳಲ್ಲಿ ಒಂದು ಹಳೆಯ ಸಂಪ್ರದಾಯ. ಮೈದಾನದಲ್ಲಿ ಬೆವರು ಹರಿಸುತ್ತಾ ಓಡುವವನ ಸೊಂಟ ಕೊಂಚ ದಪ್ಪಗೆ ಕಂಡರೆ ಸಾಕು, ಪೈಗಳನ್ನೆಲ್ಲ ಖಾಲಿ ಮಾಡಿದವನು ನೀನೇ ತಾನೆ ಎಂದು ಸಾವಿರಾರು ಜನ ರಾಗ ಎಳೆಯುತ್ತಾರೆ. ಆ ರಾಗ ಹೊರಡುವುದು ಪೈ ತುಂಬಿದ ಬಾಯಿಗಳಿಂದಲೇ. ರೆಫರಿಗೆ ಬೊಜ್ಜು ಇರಕೂಡದು ಎಂಬ ವಿಷಯದಲ್ಲಿ ಕುರ್ಚಿ ಬಿಟ್ಟು ಏಳದವರಿಗೆ ಇರುವಷ್ಟು ಖಚಿತ ಅಭಿಪ್ರಾಯ ಯಾವ ವೈದ್ಯರಿಗೂ ಇಲ್ಲ.

ಹಿಂದೆ ಈ ರಗಳೆ ಇರಲಿಲ್ಲ. 1891ರವರೆಗೆ ರೆಫರಿ ಇರುತ್ತಿದ್ದದ್ದೇ ಗೆರೆಯಾಚೆ. ತಂಡಗಳ ಕಡೆಯ ಇಬ್ಬರು ಅಂಪೈರುಗಳ ನಡುವೆ ವ್ಯಾಜ್ಯ ಬಗೆಹರಿಯದಿದ್ದರೆ ಮಾತ್ರ ಪಂಚಾಯಿತಿ ಕಟ್ಟೆಯ ಹಿರಿಯನ ಹಾಗೆ ಬಾಯಿ ಬಿಡುತ್ತಿದ್ದ. ಆಮೇಲೆ ಯಾರಿಗೋ ಬುದ್ಧಿ ಬಂದು ಅವನನ್ನು ಒಳಗೆ ಅಟ್ಟಿದರು. ಅಂದಿನಿಂದ ತೀರ್ಪಿಗೂ ತೊಡೆಗೂ ಗಂಟು ಬಿತ್ತು.

2009ರ ಅಕ್ಟೋಬರ್ 3ರಂದು ಓಲ್ಡ್ ಟ್ರಾಫರ್ಡ್‌ನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ತಂಡ ಸಂಡರ್‌ಲ್ಯಾಂಡ್ ಎದುರು 2-2ರಲ್ಲಿ ಒದ್ದಾಡಿತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಯುನೈಟೆಡ್ ಮ್ಯಾನೇಜರ್ ಅಲೆಕ್ಸ್ ಫರ್ಗುಸನ್ನರಿಗೆ ಅಂದು ಡೊಂಕಾಗಿ ಕಂಡದ್ದು 49ರ ಹರೆಯದ ರೆಫರಿ ಅಲನ್ ವೈಲಿಯ ಮೈಕಟ್ಟು. ಈತನಿಗೆ ಓಡುವ ತ್ರಾಣವಿಲ್ಲ, ಒಂದು ಕಾರ್ಡ್ ತೋರಿಸಲು 30 ಸೆಕೆಂಡು ಹಿಡಿಯುವುದೇ ಸುಧಾರಿಸಿಕೊಳ್ಳಲಿಕ್ಕೆ ಎಂದರು. ಹೊರದೇಶದ ರೆಫರಿಗಳನ್ನು ನೋಡಿ, ಕಸಾಯಿ ಅಂಗಡಿಯ ನಾಯಿಗಳಷ್ಟು ಗಟ್ಟಿಮುಟ್ಟು ಎಂದೂ ಸೇರಿಸಿದರು. ಗಮನಿಸಿ, ಇದು ಹೊಗಳಿಕೆ. ರೆಫರಿಯ ಬದುಕಿನಲ್ಲಿ ನಾಯಿ ಎನ್ನಿಸಿಕೊಳ್ಳುವುದೇ ಬಡ್ತಿ.

ಲೆಕ್ಕ ಹಾಕುವವರು ಲೆಕ್ಕ ಹಾಕಿದರು. ಅಂದು ವೈಲಿ ಓಡಿದ್ದು 11,039 ಮೀಟರ್. ಎರಡೂ ತಂಡ ಸೇರಿಸಿ ಅವರಿಗಿಂತ ಹೆಚ್ಚು ಓಡಿದವರು ಏಳೇ ಆಟಗಾರರು. ಉಳಿದವರು ಏದುಸಿರು ಬಿಡುತ್ತಿದ್ದಾಗ ಅವರ ಸಂಬಳದ ಬಗ್ಗೆ ಮ್ಯಾನೇಜರ್ ಸಾಹೇಬರು ಕಮಕ್ ಕಿಮಕ್ ಎನ್ನಲಿಲ್ಲ. ಇನ್ನೂ ಸ್ವಾರಸ್ಯ ಬೇಕೇ? ಯುನೈಟೆಡ್ಡಿಗೆ ಸಮಬಲದ ಗೋಲು ದಕ್ಕಿದ್ದೇ ಹೆಚ್ಚುವರಿ ಸಮಯದಲ್ಲಿ, ಅದೂ ಎದುರಾಳಿಯ ಕಾಲಿನಿಂದ. ದಣಿದು ಬಿದ್ದ ರೆಫರಿ ಆದಷ್ಟು ಬೇಗ ಸೀಟಿ ಊದಿ ಮನೆಗೆ ಹೋಗಬೇಕಿತ್ತಲ್ಲ, ಪಾಪ, ಅದು ಅವರಿಗೆ ಹೊಳೆಯಲಿಲ್ಲ.

ಫರ್ಗುಸನ್ ಕ್ಷಮೆ ಕೇಳಿದರು. ಫುಟ್‌ಬಾಲ್ ಸಂಸ್ಥೆ 20,000 ಪೌಂಡ್ ದಂಡ ಹಾಕಿ, ನಾಲ್ಕು ಪಂದ್ಯ ಗೆರೆಯ ಬಳಿ ಸುಳಿಯಕೂಡದೆಂದಿತು. ಅದರಲ್ಲೂ ಎರಡನ್ನು ತಡೆಹಿಡಿಯಿತು. ಇನ್ನೊಬ್ಬ ಓಡಲಾರ ಎಂದು ದೂರಿದವರಿಗೆ ಶಿಕ್ಷೆ ಏನೆಂದರೆ, ಗ್ಯಾಲರಿಗೆ ಹೋಗಿ ಇನ್ನೂ ಮೆತ್ತನೆಯ ಕುರ್ಚಿಯಲ್ಲಿ ಕೂರುವುದು.

ಇಷ್ಟಕ್ಕೂ ಅಂತರರಾಷ್ಟ್ರೀಯ ರೆಫರಿ ಆಗುವುದು ಹುಡುಗಾಟವಲ್ಲ. ಫಿಫಾ ಪರೀಕ್ಷೆಯಲ್ಲಿ ಗಂಡಸು ರೆಫರಿ ಮೊದಲು 40 ಮೀಟರನ್ನು ಆರು ಸಲ, ಸಲಕ್ಕೆ ಆರು ಸೆಕೆಂಡಿನೊಳಗೆ ಓಡಬೇಕು. ಆಮೇಲೆ 15 ಸೆಕೆಂಡಿನಲ್ಲಿ 75 ಮೀಟರ್ ಓಟ, 18 ಸೆಕೆಂಡಿನಲ್ಲಿ 25 ಮೀಟರ್ ನಡಿಗೆ. ಹೀಗೆ 40 ಬಾರಿ. ಓಡಿಸಿ ತೃಪ್ತಿಯಾಗದಿದ್ದರೆ ಸೊಂಟದ ಚರ್ಮವನ್ನು ಚಿಮಟದಲ್ಲಿ ಹಿಡಿದು ಕೊಬ್ಬು ಎಷ್ಟು ಮಿಲಿಮೀಟರ್ ಎಂದು ಬರೆದುಕೊಳ್ಳುವ ವಿದ್ಯೆಯೂ ಉಂಟು. ಹ್ಯಾಂಡ್‌ಬಾಲ್ ಹೌದೋ ಅಲ್ಲವೋ ಎಂದು ಚಿಮಟಕ್ಕೆ ಗೊತ್ತಾಗುವುದಿಲ್ಲ, ಅದೊಂದು ಕೊರತೆ. ಆಟಗಾರರಿಗೆ ಬದಲಿ ಆಟಗಾರರಿದ್ದಾರೆ, ಸುಸ್ತಾದವನು ಚಪ್ಪಾಳೆ ಗಿಟ್ಟಿಸಿಕೊಂಡು ಹೊರಗೆ ಬರುತ್ತಾನೆ. ರೆಫರಿ ಹೊರಗೆ ಬರುವುದು ಸ್ನಾಯು ಸೆಳೆತ ಬಂದರೆ; ಆಗ ಚಪ್ಪಾಳೆ ಇನ್ನೂ ಜೋರು. ಫಿಫಾ 45ರ ವಯೋಮಿತಿ ಕಿತ್ತುಹಾಕಿದ್ದರಿಂದ ಡಚ್ಚರ ಬ್ಯೋರ್ನ್ ಕೈಪರ್ಸ್ 48ರ ವಯಸ್ಸಿನಲ್ಲಿ, 2021ರ ಯೂರೊ ಫೈನಲ್‌ನಲ್ಲಿ, ತಮ್ಮ ಮಕ್ಕಳ ವಯಸ್ಸಿನವರ ಹಿಂದೆ ಓಡಿದರು. ಊರಲ್ಲಿ ಸ್ವಂತ ಸೂಪರ್ ಮಾರ್ಕೆಟ್ ಇದ್ದ ಮನುಷ್ಯ, ಗಲ್ಲಾದಲ್ಲಿ ಕೂತಿದ್ದರೆ ಬೈಗುಳವಾದರೂ ಕಡಿಮೆಯಾಗುತ್ತಿತ್ತು.

ಕೂರುವ ಕೆಲಸವೂ ಈಗ ಇದೆ, ವಿಎಆರ್ ಅಂತ, ಅಂದರೆ ವಿಡಿಯೊ ನೋಡಿ ತೀರ್ಪು ತಿದ್ದುವ ಸಹಾಯಕ ರೆಫರಿ. 2018ರ ವಿಶ್ವಕಪ್‌ನಲ್ಲಿ ಮಾಸ್ಕೋದ ಕೋಣೆಯೊಂದರಲ್ಲಿ ಟಿವಿ ನೋಡುತ್ತಿದ್ದವರಿಗೂ ಪೂರ್ತಿ ರೆಫರಿ ದಿರಿಸು ತೊಡಿಸಿದ್ದರು, ಯಾವ ಗಳಿಗೆಯಲ್ಲಿ ಪರದೆಯೊಳಗೆ ಜಿಗಿಯಬೇಕಾಗುವುದೋ ಎಂಬಂತೆ. 2023ರ ಸೆಪ್ಟೆಂಬರ್ 30ರಂದು ಟಾಟನ್‌ಹ್ಯಾಮ್ ವಿರುದ್ಧ ಲಿವರ್‌ಪೂಲ್‌ನ ಲೂಯಿಸ್ ಡಿಯಾಜ್ ಹೊಡೆದ ಶುದ್ಧ ಗೋಲಿಗೆ ಮೈದಾನದಲ್ಲಿ ಆಫ್‌ಸೈಡ್ ಬಾವುಟ ಎದ್ದಿತು. ವಿಎಆರ್ ಕೋಣೆಯಲ್ಲಿದ್ದವರು ಗೆರೆ ಎಳೆದು ಸರಿಯಾಗಿಯೇ ನೋಡಿದರು. ಆದರೆ ಮೈದಾನದಲ್ಲಿ ಗೋಲು ಕೊಟ್ಟಾಗಿದೆ ಎಂದು ಭಾವಿಸಿ, ಎಲ್ಲ ಸರಿ, ಮುಂದುವರಿಯಿರಿ ಎಂದುಬಿಟ್ಟರು. ಗೋಲು ಹೋಯಿತು, ಪಂದ್ಯವೂ ಹೋಯಿತು. ಆ ಕೋಣೆಯಲ್ಲಿ ಯಾರೂ ಒಂದು ಮೀಟರೂ ಓಡಿರಲಿಲ್ಲ. ಆಮೇಲೆ ಹೊರಬಿದ್ದ ಧ್ವನಿಮುದ್ರಣದಲ್ಲಿ, ತಪ್ಪು ಗೊತ್ತಾದ ಮೇಲೆ, ಕುರ್ಚಿಯಲ್ಲಿದ್ದ ಮಹಾಶಯರು ಮತ್ತೆ ಮತ್ತೆ ಹೇಳುವುದು ಇಷ್ಟೇ: ಏನೂ ಮಾಡೋಕಾಗಲ್ಲ, ಏನೂ ಮಾಡೋಕಾಗಲ್ಲ.