ಡ್ಯಾನ್ಯೂಬಪ್ಪ

ಹಲಕುಂದಿಯಲ್ಲಿ ಅವನ ಅಸಲಿ ಹೆಸರು ಈಗ ಆಧಾರ್ ಕಾರ್ಡಿನಲ್ಲಿ ಮಾತ್ರ ಉಳಿದಿದೆ. ಊರಿಗೆಲ್ಲ ಅವನು ಡ್ಯಾನ್ಯೂಬಪ್ಪ. ಹೆಸರಿಟ್ಟವರು ಯಾರೆಂದು ಪತ್ತೆ ಹಚ್ಚಿ ಪ್ರಯೋಜನವಿಲ್ಲ. ಒಗ್ಗರಣೆ-ಮಿರ್ಚಿ ಅಂಗಡಿಯ ಕಟ್ಟೆಯ ಮೇಲೆ ಒಂದು ಬೆಳಿಗ್ಗೆ ಅದು ಹುಟ್ಟಿತು. ಸಂಜೆ ಹೊತ್ತಿಗೆ ಕೊರಿಯರ್ ಹುಡುಗ ಅವರ ಬಾಗಿಲಲ್ಲಿ ನಿಂತು, ‘ಅಮ್ಮಾ, ಡ್ಯಾನ್ಯೂಬಪ್ಪನೋರ ಮನಿ ಇದೇನಾ?’ ಎಂದು ಕೇಳಿದ. ತಾಯಿ ಒಂದು ಗಳಿಗೆ ಯೋಚಿಸಿ ‘ಹೌದಪ್ಪ, ಇದೇ’ ಎಂದು ಸಹಿ ಹಾಕಿ ಡಬ್ಬ ತೆಗೆದುಕೊಂಡರು. ಅಲ್ಲಿಗೆ ನಾಮಕರಣ ಊರ್ಜಿತವಾಯಿತು.

ನಡೆದದ್ದು ಇಷ್ಟೇ. ಬಳ್ಳಾರಿಯಲ್ಲಿ ಎಂಜಿನಿಯರಿಂಗ್ ಓದಿ ಬೆಂಗಳೂರಲ್ಲಿ ಕೆಲಸಕ್ಕೆ ಸೇರಿದ ಹುಡುಗನನ್ನು ಕಂಪನಿಯವರು ಮೂರು ತಿಂಗಳ ಮಟ್ಟಿಗೆ ಮ್ಯೂನಿಕ್‌ಗೆ ಕಳಿಸಿದರು. ಅಲ್ಲಿ ಒಂದು ವಾರ ರಜೆ ಸಿಕ್ಕಿತು. ಪಾಸೌ ಎಂಬ ಊರಲ್ಲಿ ಬಾಡಿಗೆ ಸೈಕಲ್ ಹಿಡಿದು, ಡ್ಯಾನ್ಯೂಬ್ ನದಿಯ ದಂಡೆಗುಂಟ ತುಳಿದು, ಒಬ್ಬನೇ ವಿಯೆನ್ನಾ ಮುಟ್ಟಿದ. ರಜೆ ಮುಗಿಯಿತು, ಮೂರು ತಿಂಗಳೂ ಮುಗಿಯಿತು, ಕೊರೊನಾ ಬಂದು ಹೋಯಿತು, ಮನೆಯಿಂದಲೇ ಕೆಲಸ ಮಾಡುತ್ತೇನೆಂದು ಅವನು ಹಲಕುಂದಿಗೆ ಬಂದು ಕೂತ. ಸವಾರಿ ಮಾತ್ರ ಮುಗಿದಿಲ್ಲ. ಅವನು ಒಬ್ಬನೇ ಹೋಗಿಬಂದ. ನಾವು ಊರವರೆಲ್ಲ ಅವನ ಹಿಂದೆ ಇನ್ನೂ ಹೋಗುತ್ತಲೇ ಇದ್ದೇವೆ.

ಇಂಥವರು ನಮ್ಮೂರಿನ ಸ್ವತ್ತು ಮಾತ್ರ ಎಂದು ಜಂಬ ಪಡುವಂತಿಲ್ಲ. ಸಿರುಗುಪ್ಪದಲ್ಲಿ ಒಬ್ಬರಿದ್ದಾರೆ, ಅವರದು ರೈನ್ ನದಿ. ಕುರುಗೋಡಿನ ಕಡೆಯ ಒಬ್ಬರು ಫ್ರಾನ್ಸಿನ ಲ್ವಾರ್ ನದಿಯನ್ನು ಬುಕ್ ಮಾಡಿದ್ದಾರೆ. ಮೂವರೂ ಒಂದೇ ಮದುವೆಗೆ ಬಂದರೆ ಬೀಗರು ಅವರನ್ನು ಬೇರೆ ಬೇರೆ ಪಂಕ್ತಿಗೆ ಕೂರಿಸುತ್ತಾರೆ.

ಬೇರೆ ಮಾತಿನಿಂದ ಡ್ಯಾನ್ಯೂಬಿಗೆ ಬರಲು ಅವನಿಗೆ ಎರಡು ವಾಕ್ಯ ಬೇಕು. ಮೂರನೆಯದು ಬೇಕಾದದ್ದನ್ನು ನಾನು ಕಂಡಿಲ್ಲ. ಬಸ್ಸು ತಡವಾಯಿತು ಎಂದರೆ, ಅಲ್ಲಿ ರೈಲಿನೊಳಗೇ ಸೈಕಲ್ ಹತ್ತಿಸಿಕೊಂಡು ಹೋಗುತ್ತಾರಂತೆ. ಮದುವೆಯ ಊಟದಲ್ಲಿ ಗೋಧಿ ಹುಗ್ಗಿ ಬಡಿಸಿದರೆ, ವಾಖೌ ಕಣಿವೆಯ ಏಪ್ರಿಕಾಟ್ ಜಾಮಿನ ವರ್ಣನೆ. ಬಳ್ಳಾರಿ ಗುಡ್ಡದ ಕೋಟೆ ನೋಡಲು ನೆಂಟರು ಬಂದರೆ, ಮೆಲ್ಕ್ ಎಂಬಲ್ಲಿ ಬಂಡೆಯ ಮೇಲೆ ಕಟ್ಟಿದ ಹಳದಿ ಬಣ್ಣದ ಮಠ. ಒಮ್ಮೆ ಸಾವಿನ ಮನೆಯಲ್ಲಿ ಯಾರೋ ‘ಹೋಗೋವಾಗ ಎಲ್ಲಾರೂ ಒಬ್ಬರೇ ಹೋಗೋದು’ ಎಂದುಬಿಟ್ಟರು. ಪಕ್ಕದಲ್ಲಿದ್ದವರು ಅವನ ತೊಡೆ ಚಿವುಟಿದರು. ಆದರೂ ಡ್ಯಾನ್ಯೂಬ್ ದಂಡೆಯ ಲಿಂಟ್ಸ್‌ವರೆಗೆ ಕರೆದುಕೊಂಡು ಹೋದ.

ಬೆಳಿಗ್ಗೆ ಐದೂವರೆಗೆ ಅವನನ್ನು ಬಳ್ಳಾರಿ ರಸ್ತೆಯಲ್ಲಿ ನೋಡಬೇಕು. ತಲೆಗೆ ಹೆಲ್ಮೆಟ್, ಕಣ್ಣಿಗೆ ಬಣ್ಣದ ಕನ್ನಡಕ, ಮೈಗೆ ಮೆತ್ತಿದ ಅಂಗಿ, ಹಿಂಭಾಗಕ್ಕೆ ಮೆತ್ತೆ ಹೊಲಿದ ಬಿಗಿ ಚಡ್ಡಿ. ಆ ಚಡ್ಡಿಯನ್ನು ತಾಯಿ ಹಿತ್ತಲಿನಲ್ಲಿ ಒಣಹಾಕಿದ್ದಾಗ ಬಳ್ಳಾರಿಯ ಜೀನ್ಸ್ ಕಾರ್ಖಾನೆಯಲ್ಲಿ ಹೊಲಿಯುವ ಪಕ್ಕದ ಮನೆಯ ದರ್ಜಿ ತಿರುವಿ ಮುರುವಿ ನೋಡಿ, ‘ಹೊಲಿಗಿ ಚಲೋ ಐತಿ. ಜೇಬು ಮರ್ತಾರ’ ಎಂದು ತೀರ್ಪು ಕೊಟ್ಟ. ಸೈಕಲ್ಲಿನ ಬೆಲೆ ಎಂಬತ್ತು ಸಾವಿರ. ಅದಕ್ಕೆ ಸ್ಟ್ಯಾಂಡ್ ಇಲ್ಲ, ಕ್ಯಾರಿಯರ್ ಇಲ್ಲ, ಮಡ್‌ಗಾರ್ಡ್ ಇಲ್ಲ, ಚೈನ್ ಕವರ್ ಇಲ್ಲ. ಪಂಕ್ಚರ್ ಅಂಗಡಿಯವನು ಸುತ್ತಲೂ ಒಂದು ಪ್ರದಕ್ಷಿಣೆ ಹಾಕಿ ಕೇಳಿದ: ‘ಎಲ್ಲಾ ಬಿಚ್ಚಿಕೊಂಡ ಮ್ಯಾಲೆ ಎಂಬತ್ತಾ? ಇದ್ದಾಗ ಎಷ್ಟಿತ್ತಣ್ಣ?’ ಜರ್ಮನಿಯಲ್ಲಿ ಅಂಗಡಿ ಮುಚ್ಚಿದ ಮೇಲೂ ದುಡ್ಡು ಹಾಕಿದರೆ ಸೈಕಲ್ ಟ್ಯೂಬ್ ಉದುರಿಸುವ ಯಂತ್ರಗಳಿವೆ ಎಂದು ಡ್ಯಾನ್ಯೂಬಪ್ಪ ತಿಳಿಸಿದ. ‘ಟ್ಯೂಬು ಕೊಡ್ತದ ಸರಿ, ಹಾಕೋರ್ಯಾರು?’ ‘ನಾವೇ ಹಾಕ್ಕೋಬೇಕು.’ ‘ಮತ್ತ ಅದೇನು ಮುಂದುವರಿದ ದೇಶ?’

ಈ ರಸ್ತೆಯಲ್ಲಿ ಸೈಕಲ್ ತುಳಿಯುವುದು ಸಾಹಸವೇ ಎಂಬುದನ್ನು ಒಪ್ಪಬೇಕು. ಅದಿರಿನ ಲಾರಿಗಳ ಕಾಲದಲ್ಲಿ, ಅಂದರೆ 2011ರಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಾರಿಕೆಗೆ ತಡೆ ಹಾಕುವುದಕ್ಕೆ ಮುಂಚೆ, ಈ ಕಡೆ ಬಿಳಿ ಅಂಗಿ ತೊಟ್ಟು ಸೈಕಲ್ ಹತ್ತಿದವನು ಕೆಂಪಂಗಿಯಲ್ಲಿ ಇಳಿಯುತ್ತಿದ್ದ. ಆಗ ಡ್ಯಾನ್ಯೂಬಪ್ಪನೂ ತುಳಿಯುತ್ತಿದ್ದ. ಎಂಟನೇ ತರಗತಿಯವರಿಗೆ ಸೈಕಲ್ ಹಂಚುವ ಯೋಜನೆಯನ್ನು ಸರಕಾರ 2006-07ರಲ್ಲಿ ಶುರು ಮಾಡಿತಲ್ಲ, ಆ ಸೈಕಲ್ ಮೇಲೆ ಮುಂದೆ ತಮ್ಮನನ್ನೂ ಹಿಂದೆ ಜೋಳದ ಚೀಲವನ್ನೂ ಹೇರಿಕೊಂಡು ಗಿರಣಿಗೆ ಹೋಗುತ್ತಿದ್ದವನು ಇವನೇ. ಆದರೆ ಅದನ್ನು ಅವನು ಸವಾರಿ ಎಂದು ಲೆಕ್ಕಕ್ಕೆ ಹಿಡಿಯುವುದಿಲ್ಲ. ಸ್ಟ್ರಾವಾ ಆ್ಯಪಿನಲ್ಲಿ ದಾಖಲಾಗದ ಕಿಲೋಮೀಟರು ಅವನ ಮಟ್ಟಿಗೆ ನಡೆದೇ ಇಲ್ಲ.

ಭಾನುವಾರ ಬಳ್ಳಾರಿಯ ಡಾಕ್ಟರುಗಳ ಜೊತೆ ದೂರ ಹೋಗುತ್ತಾನೆ. ಅವರಲ್ಲಿ ಬ್ರೆವೆ ಮಾಡಿದವರಿದ್ದಾರೆ: 200 ಕಿಲೋಮೀಟರನ್ನು ಹದಿಮೂರೂವರೆ ಗಂಟೆಯೊಳಗೆ, 600ನ್ನು ನಲವತ್ತು ಗಂಟೆಯೊಳಗೆ ಮುಗಿಸಬೇಕಾದ ಸವಾರಿ. ಅದರ ತುದಿಯಲ್ಲಿ ನಾಲ್ಕು ವರ್ಷಕ್ಕೊಮ್ಮೆ ಬರುವ, 1,200 ಕಿಲೋಮೀಟರಿನ ಪ್ಯಾರಿಸ್-ಬ್ರೆಸ್ಟ್-ಪ್ಯಾರಿಸ್ ಇದೆ. ಅವರೆದುರು ಡ್ಯಾನ್ಯೂಬಪ್ಪ ಬಾಯಿ ಬಿಡುವುದಿಲ್ಲ. ಅಲ್ಲಿ ಕೂಡಿಟ್ಟ ಮೌನವನ್ನೆಲ್ಲ ಸೋಮವಾರ ನಮ್ಮ ಮೇಲೆ ಖರ್ಚು ಮಾಡುತ್ತಾನೆ.

ಹೆಣ್ಣು ನೋಡುವ ಪ್ರಸಂಗವನ್ನು ಹೇಳದೆ ಮುಂದೆ ಹೋಗುವಂತಿಲ್ಲ. ಸಿರುಗುಪ್ಪದ ಕಡೆಯವರು, ನೀರಾವರಿ ಗದ್ದೆ, ಅಕ್ಕಿ ಗಿರಣಿಯಲ್ಲಿ ಪಾಲು. ಹುಡುಗ ವಿದೇಶಕ್ಕೆ ಹೋಗಿ ಬಂದವನೆಂದು ಮಧ್ಯಸ್ಥಗಾರರು ಮೊದಲೇ ಹೇಳಿಟ್ಟಿದ್ದರು. ಉಪ್ಪಿಟ್ಟು ಮುಗಿದು ಚಹಾ ಬರುವ ನಡುವಿನ ಹೊತ್ತಿನಲ್ಲಿ ಹುಡುಗಿಯ ಸೋದರಮಾವ, ಮಾತಿಗೆ ಇರಲಿ ಎಂದು, ‘ಯುರೋಪಿನಾಗ ಏನೇನು ನೋಡಿದ್ರಿ?’ ಎಂದು ಕೇಳಿದರು. ಡ್ಯಾಮಿನ ಗೇಟು ತೆಗೆದರು ಎನ್ನಿ. ಚಹಾ ಆರಿತು. ಪಾಸೌದಲ್ಲಿ ಮೂರು ನದಿ ಕೂಡುವ ಜಾಗ, ಶ್ಲೋಗೆನ್‌ನಲ್ಲಿ ನದಿ ಪೂರಾ ಹಿಂದಕ್ಕೆ ತಿರುಗುವ ಸುತ್ತು, ಸೈಕಲ್ಲನ್ನು ಆಚೆ ದಡಕ್ಕೆ ದಾಟಿಸುವ ಪುಟ್ಟ ದೋಣಿ, ಎಲ್ಲವೂ ಬಂದವು. ಮಾವನವರು ಸಮಾಧಾನದಿಂದ ಕೇಳಿ ಕೊನೆಗೆ ಒಂದೇ ಪ್ರಶ್ನೆ ಹಾಕಿದರು: ‘ಕಂಪನಿಯೋರು ಬಸ್‌ಚಾರ್ಜ್ ಕೊಡ್ತಿರಲಿಲ್ಲೇನ್ರೀ?’

ನಮ್ಮ ಸೀಮೆಯಲ್ಲಿ ಸೈಕಲ್ಲಿನಿಂದ ಮೊಪೆಡ್‌ಗೆ, ಮೊಪೆಡ್‌ನಿಂದ ಬೈಕಿಗೆ, ಬೈಕಿನಿಂದ ಕಾರಿಗೆ ಏರಲು ಒಂದೊಂದು ಮನೆಗೆ ಎರಡು ತಲೆಮಾರು ಹಿಡಿದಿದೆ. ಎಂಬತ್ತು ಸಾವಿರ ಕೊಟ್ಟು ಬುಡದ ಮೆಟ್ಟಿಲಿಗೆ ಇಳಿದವನಿಗೆ ಹೆಣ್ಣು ಕೊಡುವುದು ಹೇಗೆ? ಸಂಬಂಧ ಅಲ್ಲಿಗೇ ನಿಂತಿತು. ‘ವಾರದಾಗ ಎರಡು ದಿನ ಕಾರು ಹತ್ತಿ ಓಡಾಡೋ ಮಗನೇ, ಜನ ನೋಡ್ಲಿ’ ಎಂದು ತಾಯಿ ಈಗಲೂ ಬೇಡಿಕೊಳ್ಳುತ್ತಾರೆ. ಅವರೇ ಅವನಿಗೆ ಆ ಮೂರು ತಿಂಗಳಿಗೆಂದು ಕಡಕ್ ರೊಟ್ಟಿ, ಶೇಂಗಾ ಪುಡಿ ಕಟ್ಟಿಕೊಟ್ಟಿದ್ದರು. ಆ ರೊಟ್ಟಿಯ ಕೊನೆಯ ಗಂಟು ಸೈಕಲ್ಲಿನ ಚೀಲದಲ್ಲಿ ಆಸ್ಟ್ರಿಯಾದ ಗಡಿ ದಾಟಿತು. ಇಡೀ ಪುರಾಣದಲ್ಲಿ ಹೆಂಗಸರು ಎರಡನೇ ಸಲ ಕೇಳಬಯಸುವ ಭಾಗ ಅದೊಂದೇ.

ಅವನ ನಿಜವಾದ ಪರೀಕ್ಷೆ ನಡೆದದ್ದು ಮಿರ್ಚಿ ಅಂಗಡಿಯ ಕಟ್ಟೆಯಲ್ಲಿ, ನಿವೃತ್ತ ಸಮಾಜ ವಿಜ್ಞಾನದ ಮೇಷ್ಟ್ರ ಕೈಯಲ್ಲಿ.

‘ನದಿ ಒಟ್ಟು ಎಷ್ಟು ಉದ್ದ?’

‘ಸುಮಾರು 2,850 ಕಿಲೋಮೀಟರ್ ಸರ್. ಬ್ಲ್ಯಾಕ್ ಫಾರೆಸ್ಟಿನಲ್ಲಿ ಹುಟ್ಟಿ, ಹತ್ತು ದೇಶ ಮುಟ್ಟಿ, ಕಪ್ಪು ಸಮುದ್ರಕ್ಕೆ ಸೇರ್ತದೆ.’ (ಬೇಕರಿಯ ಕೇಕು ನೆನಪಾಗಿ ಇಬ್ಬರು ಹುಡುಗರು ತುಟಿ ಸವರಿಕೊಂಡರು.)

‘ನೀನು ತುಳಿದದ್ದು?’

‘ಪಾಸೌದಿಂದ ವಿಯೆನ್ನಾ. ಮುನ್ನೂರಿಪ್ಪತ್ತು ಆಗಬಹುದು.’

ಮೇಷ್ಟ್ರು ಗೋಡೆಗೆ ಒರಗಿ ಮನಸ್ಸಿನಲ್ಲೇ ಭಾಗಿಸಿದರು. ‘ನೂರಕ್ಕೆ ಹನ್ನೊಂದು. ನಮ್ಮ ಕಾಲದಲ್ಲಿ ಪಾಸಾಗೋಕೆ ಮೂವತ್ತೈದು ಬೇಕಿತ್ತಪ್ಪ.’

ಅಡ್ಡಸವಾಲು ಮುಂದುವರಿಯಿತು. ನದಿ ಹರಿಯುವ ದಿಕ್ಕಿಗೇ ತುಳಿದಿದ್ದರಿಂದ ದಾರಿಯೂ ಸಣ್ಣಗೆ ಇಳಿಜಾರು. ಆ ಸೀಮೆಯಲ್ಲಿ ಗಾಳಿ ಹೆಚ್ಚಾಗಿ ಪಡುವಣದಿಂದ, ಅಂದರೆ ಬೆನ್ನಿಗೆ. ಬೇಕೆಂದರೆ ಚೀಲವನ್ನು ಒಂದು ಹೋಟೆಲಿನಿಂದ ಮುಂದಿನ ಹೋಟೆಲಿಗೆ ವ್ಯಾನು ಮುಟ್ಟಿಸುತ್ತದೆ. ಒಂದೊಂದೇ ಹೊರಬಿತ್ತು. ‘ಒಬ್ಬನೇ ಹೋದವನ ಫೋಟೋ ತೆಗೆದೋರ್ಯಾರು?’ ಎಂದು ಹಿಂದಿನಿಂದ ಒಬ್ಬ ಕೇಳಿದ. ಎಪ್ಪತ್ತು ದಾಟಿದ ಜರ್ಮನ್ ಅಜ್ಜಿಯೊಬ್ಬರು ತೆಗೆದರಂತೆ. ಬ್ಯಾಟರಿ ಸೈಕಲ್ಲಿನಲ್ಲಿ ಇವನನ್ನು ಹಿಂದೆ ಹಾಕಿ ಹೋಗುವ ಮುಂಚೆ, ಕನಿಕರಪಟ್ಟು.

ಅವನ ಪರವಾಗಿಯೂ ಒಂದು ಮಾತು ಹೇಳಬೇಕು. ಯಾರೂ ಕಾಯದ, ಯಾರೂ ಕೇಳದ ದಾರಿಯಲ್ಲಿ ಮಳೆ ಹನಿಸಿಕೊಂಡು ದಿನವಿಡೀ ತುಳಿಯುವುದು ಇಳಿಜಾರಾದರೂ ಸಲೀಸಲ್ಲ. ಜರ್ಮನ್ ಬಾರದೆ, ಬೀರು ಮುಟ್ಟದೆ, ಮಾಂಸ ತಿನ್ನದೆ ಆಸ್ಟ್ರಿಯಾದ ಹಳ್ಳಿಗಳಲ್ಲಿ ಹೊಟ್ಟೆ ತುಂಬಿಸಿಕೊಂಡದ್ದಕ್ಕೇ ಒಂದು ಪದಕ ಕೊಡಬಹುದು. ಆದರೆ ಅವನು ಕೇಳುವುದು ಪದಕವನ್ನಲ್ಲ, ಕಿವಿಯನ್ನು. ಅದರ ಪೂರೈಕೆ ಊರಲ್ಲಿ ಕಡಿಮೆಯಾಗುತ್ತ ಬಂದಿದೆ.

ಮೇಷ್ಟ್ರು ಅಷ್ಟಕ್ಕೇ ಬಿಡಲಿಲ್ಲ. ಮೊಬೈಲಿನಲ್ಲಿ ಹುಡುಕಿ, ಇವನಿಗೇ ಗೊತ್ತಿರದ ಡ್ಯಾನ್ಯೂಬನ್ನು ಹೊರತೆಗೆದರು. ಹುಟ್ಟಿದ ಸ್ವಲ್ಪ ದೂರದಲ್ಲೇ, ಇಮ್ಮೆಂಡಿಂಗೆನ್ ಎಂಬ ಊರಿನ ಹತ್ತಿರ, ಆ ನದಿ ಸುಣ್ಣದ ಕಲ್ಲಿನ ಬಿರುಕುಗಳಲ್ಲಿ ಇಳಿದು ಮಾಯವಾಗುತ್ತದೆ. ವರ್ಷದಲ್ಲಿ ಎಷ್ಟೋ ದಿನ ಅಲ್ಲಿ ಪಾತ್ರ ಪೂರ್ತಿ ಒಣ. ಇಳಿದ ನೀರು ಹತ್ತು-ಹನ್ನೆರಡು ಕಿಲೋಮೀಟರು ಆಚೆ ಆಖ್ ಎಂಬಲ್ಲಿ ಊಟೆಯಾಗಿ ಎದ್ದು ರೈನ್ ನದಿಯ ಪಾಲಾಗುತ್ತದೆ. ‘ಹೊಳಿ ನೆಲದಾಗ ಹೋಗೋದು ನೋಡಾಕ ಜರ್ಮನಿಗೆ ಯಾಕ? ಹಗರಿಗೆ ಹೋದ್ರ ಸಾಕು, ಬರೇ ಉಸುಕು’ ಎಂದರು ಒಬ್ಬರು. ಮೇಷ್ಟ್ರು ಕೈಯೆತ್ತಿ ತಡೆದು ಮುಂದೆ ಓದಿದರು. ಈ ನೀರಿಗಾಗಿ ಜರ್ಮನಿಯ ರಾಜ್ಯಗಳೇ, ವ್ಯೂರ್ಟೆಂಬರ್ಗ್ ಮತ್ತು ಪ್ರಷ್ಯಾ ಒಂದು ಕಡೆ, ಬಾಡೆನ್ ಇನ್ನೊಂದು ಕಡೆ ನಿಂತು ಕೋರ್ಟಿಗೆ ಹೋಗಿದ್ದವು. 1927ರಲ್ಲಿ ತೀರ್ಪು ಬಂತು.

ಕಟ್ಟೆ ನೆಟ್ಟಗಾಯಿತು. ಇಷ್ಟು ವರ್ಷ ಏಪ್ರಿಕಾಟಿಗೂ ಮಠಕ್ಕೂ ಅಲುಗದ ಜನ ಮಿರ್ಚಿ ಕೈಯಲ್ಲೇ ಹಿಡಿದು ಮುಂದಕ್ಕೆ ಬಾಗಿದರು. ಮೇಲಿನ ರಾಜ್ಯ ಯಾವುದು, ಕೆಳಗಿನದು ಯಾವುದು? ಅಲ್ಲಿ ನೀರು ಹಂಚಿಕೊಟ್ಟ ಬಚಾವತ್ ಯಾರು? ನಮ್ಮ ಹಾಗೆ ಟಿಎಂಸಿಯಲ್ಲಿ ಅಳೆಯುತ್ತಾರೋ ಹೇಗೆ? ಸಿರುಗುಪ್ಪದ ರೈನ್‌ನವರು ನಮ್ಮ ನೀರು ಕದಿಯುತ್ತಿದ್ದಾರೆಂಬ ತೀರ್ಮಾನಕ್ಕೂ ಬಂದಾಯಿತು. ಡ್ಯಾನ್ಯೂಬಪ್ಪನ ಬಾಯಲ್ಲಿ ಮಾತ್ರ ಒಂದು ಉತ್ತರವೂ ಇರಲಿಲ್ಲ. ಅವನು ನದಿಯ ಪಕ್ಕದಲ್ಲಿ ಹೋಗಿದ್ದ. ಜನಕ್ಕೆ ಬೇಕಾಗಿದ್ದದ್ದು ನದಿ.

ಅಷ್ಟರವರೆಗೆ ಸುಮ್ಮನಿದ್ದ ಒಬ್ಬ ತಾತ ಆಗ ಬಾಯಿ ತೆರೆದರು. ತುಂಗಭದ್ರೆಯ ಎಚ್‌ಎಲ್‌ಸಿ ಕಾಲುವೆಯಲ್ಲಿ ಗ್ಯಾಂಗ್‌ಮನ್ ಆಗಿ ಮುದುಕರಾದವರು. ಕೈಯಲ್ಲಿ ಕೋಲು, ಹ್ಯಾಂಡಲಿಗೆ ಟಾರ್ಚು ಕಟ್ಟಿದ ಅಟ್ಲಾಸ್ ಸೈಕಲ್, ಕಾಲುವೆಯ ಏರಿಯ ಮೇಲೆ ರಾತ್ರಿಪಾಳಿ. ಹೊಸಪೇಟೆಯಿಂದ ಹೊರಟು ಅನಂತಪುರದ ಕಡೆ ಹೋಗುವ ನೀರನ್ನು ನಡುವೆ ಯಾರೂ ಎತ್ತದಂತೆ ಕಾಯುವ ಕೆಲಸ.

‘ಒಬ್ಬನೇ ಹೋಗಿದ್ಯಂತಲ್ಲಪಾ?’

‘ಹೂಂ ತಾತ.’

‘ಯಾಕ, ಜೋಡಿ ಗ್ಯಾಂಗ್‌ಮನ್ ಡ್ಯೂಟಿಗೆ ಬರಲಿಲ್ಲೇನು?’

ಹಾಗಲ್ಲ, ಒಬ್ಬನೇ ಹೋದರೆ ತನ್ನನ್ನು ತಾನು ತಿಳಿದುಕೊಳ್ಳಬಹುದು ಎಂದು ಡ್ಯಾನ್ಯೂಬಪ್ಪ ವಿವರಿಸಿದ. ತಾತ ಒಪ್ಪಿದರು. ‘ಖರೇ. ನಾನೂ ಒಬ್ಬನೇ ಹೋದಾಗ ಭಾಳ ತಿಳೀತಿತ್ತು. ಯಾರ್ಯಾರು ಕಳ್ಳ ಪೈಪು ಇಟ್ಟಾರ ಅಂತ.’ ಅಲ್ಲಿನ ಏರಿಯನ್ನು ಯಾರಿಗೆಂದು ಹಾಕಿದರು ಎಂದು ಕೇಳಿದರು. ಹಿಂದೆ ಕುದುರೆಗಳು ದೋಣಿಗಳನ್ನು ಹಗ್ಗ ಕಟ್ಟಿ ಎದುರು ನೀರಿಗೆ ಎಳೆಯುತ್ತಿದ್ದ ಹಾದಿಯೇ ಎಷ್ಟೋ ಕಡೆ ಈಗ ಸೈಕಲ್ ದಾರಿಯಾಗಿದೆ ಎಂದ ಅವನು. ‘ಕುದುರಿ ಎದುರು ನೀರಿಗೆ ಹೋತು, ನೀನು ಇಳುಕಲಿಗೆ ಬಂದಿ’ ಎಂದು ತಾತ ಅದನ್ನೂ ಲೆಕ್ಕಕ್ಕೆ ಬರೆದುಕೊಂಡರು. ಆಮೇಲೆ ಮುಖ್ಯ ಪ್ರಶ್ನೆ.

‘ಟೇಲೆಂಡಿಗೆ ನೀರು ಮುಟ್ತೈತೇನು?’

‘ಮುಟ್ತದೆ ತಾತ. ಪೂರಾ ಸಮುದ್ರಕ್ಕೇ ಹೋಗ್ತದೆ.’

‘ಹತ್ತು ದೇಶ ಇದ್ದೂ ಸುಮ್ನ ಸಮುದ್ರಕ್ಕ ಬಿಡ್ತಾರಾ? ಎಲ್ಲೂ ಗೇಟ್ ಇಲ್ಲಾ?’

ಇಲ್ಲಿ ಡ್ಯಾನ್ಯೂಬಪ್ಪನಿಗೆ ಉಸಿರು ಬಂತು. ಇದೆ, ಸೆರ್ಬಿಯಾ-ರೊಮೇನಿಯಾ ಗಡಿಯಲ್ಲಿ ದೊಡ್ಡ ಅಣೆಕಟ್ಟು, 1972ರದು, ಹೆಸರೇ ಐರನ್ ಗೇಟ್ ಎಂದ. ಐರನ್ ಗೇಟ್ ಎಂದದ್ದೇ ತಡ, ತಾತನ ಮುಖದಲ್ಲಿ ಹಳೇ ಡ್ಯೂಟಿ ಮರಳಿತು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟು ಚೈನು ತುಂಡಾಗಿ ಕೊಚ್ಚಿಕೊಂಡು ಹೋದಾಗಿನಿಂದ ಈ ಸೀಮೆಯ ರೈತರು ಯಾವ ಗೇಟನ್ನೂ ನಂಬುವುದಿಲ್ಲ.

‘ಚೈನು ಗಟ್ಟಿ ಐತೇನು?’

‘ಅಲ್ಲೀತನಕ ಹೋಗಿಲ್ಲ ತಾತ. ವಿಯೆನ್ನಾದಲ್ಲೇ ರಜೆ ಮುಗೀತು.’

‘ಅಷ್ಟು ದೂರ ಹೋದಾಂವ ಗೇಟ್ ನೋಡ್ದಂಗ ಬಂದ್ಯಾ!’ ತಾತ ಕೋಲು ಊರಿ ಎದ್ದೇಬಿಟ್ಟರು. ಕಟ್ಟೆ ಅವರ ಹಿಂದೆ ಎದ್ದಿತು.

ಈಗ ಡ್ಯಾನ್ಯೂಬಪ್ಪ ಬ್ರಾಟಿಸ್ಲಾವಾ, ಬುಡಾಪೆಸ್ಟ್, ಬೆಲ್‌ಗ್ರೇಡ್‌ಗಳ ನಕಾಶೆ ಹಿಡಿದು ಓಡಾಡುತ್ತಿದ್ದಾನೆ. ವಿಯೆನ್ನಾದಿಂದ ಐರನ್ ಗೇಟಿಗೆ ಇನ್ನೂ ಸಾವಿರ ಕಿಲೋಮೀಟರಿನಷ್ಟಿದೆ. ತಾತ ಗೇಟಿನಲ್ಲಿ ಏನೇನು ನೋಡಿಕೊಂಡು ಬರಬೇಕೆಂದು ಪಟ್ಟಿ ಬರೆಸಿದ್ದಾರೆ. ತಾಯಿ ಜೋಳ ಬೀಸಲು ಕೊಟ್ಟಿದ್ದಾರೆ. ಮೇಷ್ಟ್ರು ಹಳೆಯದು, ಹೊಸದು ಕೂಡಿಸಿ ಹಾಲ್ ಟಿಕೆಟ್ಟಿನ ಹಿಂದೆ ಲೆಕ್ಕ ಮಾಡಿ ನೋಡಿದರು. ಅಷ್ಟೂ ತುಳಿದರೆ ಪಾಸು, ಆದರೆ ಫಸ್ಟ್ ಕ್ಲಾಸ್ ಬರುವುದಿಲ್ಲ.