ಸ್ಫೂರ್ತಿಯ ಹದ

ಮಾಡಬೇಕಾದುದು ತಾನಾಗಿ ಹೊಳೆದು, ಮಾಡುವ ಉತ್ಸಾಹವೂ ಅದೇ ಗಳಿಗೆಯಲ್ಲಿ ಕೂಡಿಬರುವುದನ್ನು ಸ್ಫೂರ್ತಿ ಎನ್ನುವುದಾದರೆ, ಅದು ಆರಿಹೋಗುವ ವೇಗವನ್ನು ಹೆಗ್ಗಡದೇವನಕೋಟೆ ತಾಲ್ಲೂಕಿನ ಅಂತರಸಂತೆಯ ರೈತನಷ್ಟು ಚೆನ್ನಾಗಿ ಅಲಂಕಾರಶಾಸ್ತ್ರಜ್ಞರೂ ಬಲ್ಲವರಲ್ಲ. ಮಳೆಯ ನಂತರ ಮಣ್ಣು ಕೆಸರೂ ಅಲ್ಲದ, ಒಣಹೆಂಟೆಯೂ ಅಲ್ಲದ ಸ್ಥಿತಿಗೆ ಬರುವುದನ್ನು ಅವನು ‘ಹದ’ ಎನ್ನುತ್ತಾನೆ. ಕಬಿನಿಯ ಹಿನ್ನೀರು ಸಮೀಪದಲ್ಲೇ ಇದ್ದರೂ ಮಳೆಯನ್ನೇ ನಂಬಿ ಹತ್ತಿಯನ್ನೋ ರಾಗಿಯನ್ನೋ ಬಿತ್ತುವವನಿಗೆ ಹದವೆಂಬುದು ಕೆಲವೇ ದಿನಗಳ ಭಾಗ್ಯ, ಬಿಸಿಲು ಗಾಳಿ ಜೋರಾದರೆ ಅಷ್ಟೂ ಇಲ್ಲ; ಅದಕ್ಕೇ ಹದ ಕಂಡ ಕೂಡಲೇ ಅವನು ಬಿತ್ತನೆಗೆ ಇಳಿಯುತ್ತಾನೆ.

ವಿದ್ಯಾವಂತನ ಪದ್ಧತಿಯೇ ಬೇರೆ. ಹೊಳೆದುದನ್ನು ಬರೆದಿಡಲು ಅವನು ಮೊದಲು ಒಳ್ಳೆಯ ನೋಟ್‌ಬುಕ್ಕನ್ನೂ, ತರುವಾಯ ಅದಕ್ಕೊಪ್ಪುವ ಪೆನ್ನನ್ನೂ, ಆಮೇಲೆ ಕಾಫಿಯನ್ನೂ, ಕಡೆಗೆ ಶುಭಮುಹೂರ್ತವನ್ನೂ ಹೊಂದಿಸಿಕೊಳ್ಳುವಷ್ಟರಲ್ಲಿ ವಿಷಯವೇ ಮರೆತುಹೋಗಿರುತ್ತದೆ. ಇದಕ್ಕೆ ಅವನಿಡುವ ಹೆಸರು ‘ಚಿಂತನೆ ಮಾಗುತ್ತಿದೆ’. 1924ರಲ್ಲಿ ಮೈಸೂರಿಗೆ ಬಂದಿದ್ದ ಐರಿಷ್ ಕವಿ ಜೇಮ್ಸ್ ಕಸಿನ್ಸ್, ಇಂಗ್ಲಿಷಿನಲ್ಲಿ ಕವನ ಕಟ್ಟುತ್ತಿದ್ದ ತರುಣ ಪುಟ್ಟಪ್ಪನವರಿಗೆ ತಾಯ್ನುಡಿಯಲ್ಲಿ ಬರೆಯುವಂತೆ ಸೂಚಿಸಿದಾಗ, ಅವರೂ ಮಾಗಲು ಬಿಟ್ಟಿದ್ದರೆ ಕನ್ನಡಕ್ಕೆ ಕುವೆಂಪು ದಕ್ಕುತ್ತಿದ್ದರೋ ಇಲ್ಲವೋ. ಪುಣ್ಯಕ್ಕೆ ಅವರು ಬೇಗನೆ ಕನ್ನಡಕ್ಕೆ ಹೊರಳಿದರು.

ಅಂತರಸಂತೆಯಲ್ಲಂತೂ ಹದ ಮೀರಬಾರದೆಂಬ ವಿಷಯದಲ್ಲಿ ಸರ್ಕಾರವೇ ಗಡಿಯಾರ ಹಿಡಿದು ನಿಂತಿದೆ: ಬಾವಲಿಯ ಮೂಲಕ ಕೇರಳಕ್ಕೆ ಹೋಗುವ ನಾಗರಹೊಳೆಯ ಕಾಡುದಾರಿ ಸಂಜೆ 6ಕ್ಕೆ ಮುಚ್ಚಿ ಬೆಳಿಗ್ಗೆ 6ಕ್ಕೆ ತೆರೆಯುವುದರಿಂದ, ಪ್ರಯಾಣದ ಸ್ಫೂರ್ತಿ 6 ಗಂಟೆ 5 ನಿಮಿಷಕ್ಕೆ ಬಂದವರು ಆನೆಗಳಿಗೆ ದಾರಿ ಬಿಟ್ಟು ಮನೆಗೆ ಮರಳತಕ್ಕದ್ದು.